ಪಿಯುಸಿ ನಂತರ ನೇರವಾಗಿ ಬಿ.ಎ.,ಬಿ.ಇಡಿ. ಸೇರಬಹುದೇ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಬೇಕೆಂಬುದು ನನ್ನ ಆಸೆ. ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಎ.,ಬಿ.ಇಡಿ. ಸೇರಲು ನಮ್ಮ ಉಪನ್ಯಾಸಕರು ಹೇಳುತ್ತಾರೆ. ಮೊದಲು ಬಿ.ಎ. ಮುಗಿಯಲಿ, ಬಿ.ಇಡಿ. ಆಮೇಲೆ ನೋಡೋಣ ಎನ್ನುವುದು ಮನೆಯವರ ಮಾತು. ಯಾವುದು ಸರಿ? ಕನ್ನಡ ಮಾಧ್ಯಮದವಳಾದ ನನ್ನಿಂದ ಇದು ಸಾಧ್ಯವೇ?
– ವಿದ್ಯಾರ್ಥಿನಿ, ಹೊಸದುರ್ಗ

ಉತ್ತರ: ಶಿಕ್ಷಕಿಯಾಗಬೇಕೆಂಬ ನಿಮ್ಮ ನಿರ್ಧಾರ ಗಟ್ಟಿಯಾಗಿದ್ದರೆ ಉಪನ್ಯಾಸಕರ ಸಲಹೆಯನ್ನೇ ಪಾಲಿಸಿ. ಶಿಕ್ಷಕರ ತರಬೇತಿ ಕೋರ್ಸುಗಳನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ್ದಾದ್ದರಿಂದ, ಮೂರು ವರ್ಷದ ಬಿ.ಎ. ಮುಗಿಸಿ ಅದಕ್ಕೆ ಸೇರುವವರಿಗೆ ಒಟ್ಟು 5 ವರ್ಷ ಹಿಡಿಯುತ್ತದೆ. ಜೋಡಿ ಪದವಿಯಲ್ಲಿ ಅದೇ ಅರ್ಹತೆ 4 ವರ್ಷಕ್ಕೆ ಕೈಸೇರುತ್ತದೆ. ಮನಸ್ಸು ಇನ್ನೂ ಅತ್ತಿತ್ತ ಹೊಯ್ದಾಡುತ್ತಿದ್ದರೆ ಮಾತ್ರ ಮನೆಯವರ ಮಾತಿನಲ್ಲಿ ತೂಕವಿದೆ, ಏಕೆಂದರೆ ಬರೀ ಬಿ.ಎ. ಮಾಡಿದವರಿಗೆ ಬೇರೆ ದಾರಿ ಹಿಡಿಯುವುದು ಸುಲಭ.

ಒಂದು ವರ್ಷ ಉಳಿಯುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕೇಂದ್ರದ ಶಾಲಾ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ ಅಧೀನದಲ್ಲಿ 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂತಹ ಕಡೆ ಪದವಿಯ ವಿಷಯಗಳ ಜೊತೆಜೊತೆಗೇ ಬೋಧನೆಯ ತರಬೇತಿಯೂ ಸಾಗುತ್ತದೆ, ಅಭ್ಯಾಸಕ್ಕೆ ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆಯೂ ಇದೆ. ಒಂದು ಅಭ್ಯಾಸ ಪಾಠವನ್ನೇ ಊಹಿಸಿಕೊಳ್ಳಿ. ಪಾಠಯೋಜನೆಯ ಪುಸ್ತಕ ಮೇಜಿನ ಮೇಲಿದೆ, ಮಾರ್ಗದರ್ಶಕರು ಕೊನೆಯ ಬೆಂಚಿನಲ್ಲಿ ಕುಳಿತಿದ್ದಾರೆ. ನೀವು ಗದ್ಯವನ್ನು ಓದುತ್ತ, ಸಾಲು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತ ಹೋದರೆ ಗಂಟೆ ಹೊಡೆಯುವಷ್ಟರಲ್ಲಿ ಪಾಠವೇನೋ ಮುಗಿದಿರುತ್ತದೆ, ಆದರೆ ಮಕ್ಕಳ ಬಾಯಿಂದ ಒಂದೇ ಒಂದು ಇಂಗ್ಲಿಷ್ ವಾಕ್ಯವೂ ಹೊರಟಿರುವುದಿಲ್ಲ. ಮಾರ್ಗದರ್ಶಕರು ಅದನ್ನು ಗುರುತಿಸಿ ಬರೆದುಕೊಡುತ್ತಾರೆ. ಮುಂದಿನ ಪಾಠದಲ್ಲಿ ಅಂಥದ್ದೇ ಗದ್ಯದ ಮೇಲೆ ಮಕ್ಕಳು ಇಬ್ಬಿಬ್ಬರಾಗಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವಂತೆ ಮಾಡಿ, ನೀವು ಬೆಂಚುಗಳ ನಡುವೆ ಓಡಾಡುತ್ತ ಕಿವಿಗೊಡುತ್ತೀರಿ. ಇಂತಹ ತಿದ್ದುಪಡಿಗಳು ವರ್ಷಗಟ್ಟಲೆ ಸಿಕ್ಕವರಿಗೂ ಕೊನೆಯಲ್ಲಿ ಅವಸರದಿಂದ ಕಲಿತವರಿಗೂ ತರಗತಿಯಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ಪ್ರವೇಶದ ವಿಷಯಕ್ಕೆ ಬಂದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಇಡಿ.ಯನ್ನೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಿಸುವ ಗುರಿ ಇಟ್ಟುಕೊಂಡಿದೆ. ಆ ನೀತಿಯಂತೆ ರೂಪುಗೊಂಡ ಐಟಿಇಪಿ ಎಂಬ ನಾಲ್ಕು ವರ್ಷದ ಇಂಟಿಗ್ರೇಟೆಡ್ ಕೋರ್ಸಿಗೆ ಎನ್‌ಸಿಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಇದನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಿಮ್ಮಂಥವರಿಗೆ ನಿಜವಾಗಿಯೂ ಸಮಾಧಾನದ ಸಂಗತಿ. ಐಟಿಇಪಿಯಲ್ಲಿ ಶಾಲೆಯ ಬೇರೆ ಬೇರೆ ಹಂತಗಳಿಗೆ ಪ್ರತ್ಯೇಕ ವಿಭಾಗಗಳಿರುವುದರಿಂದ ನೀವು ಪ್ರೌಢ ಹಂತವನ್ನೇ ಆರಿಸಿಕೊಳ್ಳಬೇಕು.

ಅನೇಕರು ಎಡವುವುದು ವಿಷಯಗಳ ಆಯ್ಕೆಯಲ್ಲಿ. ಭಾಷಾ ವಿಷಯವಾಗಿ ಇಂಗ್ಲಿಷ್ ಓದಿದರೆ ಸಾಕು ಎಂದುಕೊಳ್ಳಬೇಡಿ. ಪದವಿಯಲ್ಲಿ ಇಂಗ್ಲಿಷ್ ಸಾಹಿತ್ಯ ಐಚ್ಛಿಕ ವಿಷಯವಾಗಿಯೂ ಬಿ.ಇಡಿ. ಭಾಗದಲ್ಲಿ ಇಂಗ್ಲಿಷ್ ಬೋಧನಾ ವಿಷಯವಾಗಿಯೂ ಇರುವ ಕಾಲೇಜನ್ನೇ ಹುಡುಕಿ. ಮುಂದೆ ಕೇಂದ್ರೀಯ ವಿದ್ಯಾಲಯದ ಟಿಜಿಟಿ (ಪದವೀಧರ ಶಿಕ್ಷಕ) ಹುದ್ದೆಗೆ ಅರ್ಜಿ ಹಾಕುವುದಾದರೆ ಆ ವಿಷಯದಲ್ಲೂ ಒಟ್ಟಾರೆಯಾಗಿಯೂ ಶೇ 50 ಅಂಕ ಬೇಕಾಗುತ್ತದೆ, ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಸಿಟಿಇಟಿಯ ಎರಡನೇ ಪತ್ರಿಕೆಯಲ್ಲೂ ತೇರ್ಗಡೆಯಾಗಿರಬೇಕು.

ಕನ್ನಡ ಮಾಧ್ಯಮದ ಬಗ್ಗೆ ಅಳುಕು ಬೇಡ. ಹಳ್ಳಿಯ ಹೈಸ್ಕೂಲಿನ ಮಗು ಇಂಗ್ಲಿಷ್ ವಾಕ್ಯವೊಂದರಲ್ಲಿ ಎಲ್ಲಿ ತಡವರಿಸುತ್ತದೆ ಎಂಬುದು ಅಲ್ಲೇ ತಡವರಿಸಿ ಕಲಿತವರಿಗೆ ಬೇಗ ತಿಳಿಯುತ್ತದೆ. ಆದರೆ ಪದವಿಯ ಇಂಗ್ಲಿಷ್ ಪಾಠಗಳು ಇಂಗ್ಲಿಷಿನಲ್ಲೇ ನಡೆಯುವುದರಿಂದ ಮೊದಲ ವರ್ಷ ಕಷ್ಟವಾಗುತ್ತದೆ. ಆದ್ದರಿಂದ ಈಗಿನಿಂದಲೇ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿ, ಓದಿದ್ದನ್ನು ನಾಲ್ಕು ವಾಕ್ಯದಲ್ಲಿ ಬರೆದು ನಿಮ್ಮ ಉಪನ್ಯಾಸಕರಿಂದ ತಿದ್ದಿಸಿಕೊಳ್ಳಿ.