ಗಣಕ ಪ್ರಶ್ನೋತ್ತರ: ಐದೂವರೆ ಗಂಟೆ ಹಿಂದೆ, ಐದೂವರೆ ಗಂಟೆ ಮುಂದೆ

ಪ್ರಶ್ನೆ: ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ರೂಪ) ಎರಡೂ ಇವೆ. ಉಬುಂಟು ಮುಚ್ಚಿ ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಅಲ್ಲಿ ಸರಿಮಾಡಿ ಉಬುಂಟುಗೆ ಬಂದರೆ ಅಷ್ಟೇ ಮುಂದೆ. ಒಳಗಿನ ಗಡಿಯಾರದ ಬ್ಯಾಟರಿ ಬದಲಿಸಿದರೂ ಅದೇ ಪಾಡು. (ಧಾರವಾಡ)

ಉತ್ತರ: ವ್ಯತ್ಯಾಸ ಕರಾರುವಾಕ್ಕಾಗಿ ಐದೂವರೆ ಗಂಟೆ ಇದ್ದರೆ ಬ್ಯಾಟರಿಯನ್ನು ದೂರಬೇಡಿ. ಬ್ಯಾಟರಿ ಸತ್ತಾಗ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಮದರ್‌ಬೋರ್ಡಿನ (ಮುಖ್ಯ ಸರ್ಕ್ಯೂಟ್ ಫಲಕದ) ಗಡಿಯಾರದಲ್ಲಿ ತಾರೀಕು, ಗಂಟೆ, ನಿಮಿಷ ಇರುತ್ತವೆಯೇ ಹೊರತು ಅದು ಯಾವ ವಲಯದ ಸಮಯ ಎಂಬ ಗುರುತು ಇರುವುದಿಲ್ಲ. ಉಬುಂಟು ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದುಕೊಂಡು 5:30 ಕೂಡಿಸುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ನಂಬುತ್ತದೆ. ನೀವು ವಿಂಡೋಸ್‌ನಲ್ಲಿ ತಿದ್ದಿದ್ದು ಮದರ್‌ಬೋರ್ಡಿಗೂ ಹೋಗುವುದರಿಂದ ಉಬುಂಟು ಎಡವುತ್ತದೆ.

ವಿಂಡೋಸನ್ನೇ ಯುಟಿಸಿಗೆ ಒಗ್ಗಿಸುವುದು ಮೇಲು. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ತಿದ್ದುವ ರಿಜಿಸ್ಟ್ರಿ ಎಡಿಟರ್‌ನಲ್ಲಿ ಹೆಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಟೈಮ್ ಝೋನ್ ಇನ್ಫರ್ಮೇಷನ್ ಎಂಬಲ್ಲಿಗೆ ಹೋಗಿ. ‘ರಿಯಲ್ ಟೈಮ್ ಈಸ್ ಯೂನಿವರ್ಸಲ್’ ಹೆಸರಿನ (ಪದಗಳ ನಡುವೆ ಜಾಗ ಬಿಡದೆ) ಡಿವರ್ಡ್ (ಸಂಖ್ಯೆ ಇಡುವ ನಮೂದು) ಸೃಷ್ಟಿಸಿ, ಬೆಲೆ 1 ಕೊಟ್ಟು ರೀಸ್ಟಾರ್ಟ್ ಮಾಡಿ. ಉಬುಂಟುವಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶ ಓಡಿಸಿ, ಆರ್‌ಟಿಸಿ (ಮದರ್‌ಬೋರ್ಡಿನ ಗಡಿಯಾರ) ಸ್ಥಳೀಯ ವಲಯದಲ್ಲಿದೆಯೇ ಎಂಬ ಸಾಲಿನ ಮುಂದೆ ‘ನೋ’ ಇದೆಯೇ ನೋಡಿ. ಇದರ ಬದಲು ಉಬುಂಟುವನ್ನೇ ಸ್ಥಳೀಯ ಸಮಯಕ್ಕೆ ತಿರುಗಿಸಬಹುದು. ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ಗೊಡವೆ ಇಲ್ಲದ ನಮ್ಮಲ್ಲಿ ಅದೂ ನಡೆಯುತ್ತದೆ. ಆದರೆ ಎರಡೂ ಕಡೆ ಬದಲಿಸಿದಿರೋ, ತಪ್ಪು ತಿರುಗುಮುರುಗಾಗುತ್ತದೆ, ಅಷ್ಟೆ. ವಿಂಡೋಸನ್ನು ಬದಲಿಸಿದ ಮೇಲೆ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ ಪರದೆಯಲ್ಲಿ) ಗಡಿಯಾರ ಐದೂವರೆ ಗಂಟೆ ಹಿಂದೆ ಕಂಡರೆ ಅದೇ ಸರಿ, ಮುಟ್ಟಬೇಡಿ.

ಪ್ರಶ್ನೆ: ಶಟ್‌ಡೌನ್ ವೇಳೆ ಲಿನಕ್ಸ್ ತನ್ನ ಸಮಯವನ್ನು ಮದರ್‌ಬೋರ್ಡಿಗೆ ಬರೆಯುತ್ತದೆ ಎಂದು ಓದಿದ್ದೆ. ನಮ್ಮ ಇಂಟರ್‌ನೆಟ್ ಇಲ್ಲದ ಯಂತ್ರದಲ್ಲಿ ಹಾಗಾಗುತ್ತಿಲ್ಲ. (ಹಾಸನ)

ಉತ್ತರ: ಅದು ಹಳೆಯ ಇನಿಟ್ ಸ್ಕ್ರಿಪ್ಟ್‌ಗಳ ಪದ್ಧತಿ. ಈಗ ಲಿನಕ್ಸನ್ನು ಶುರುಮಾಡಿ ಮುಚ್ಚುವ ಸಿಸ್ಟಮ್‌ಡಿ ಶಟ್‌ಡೌನ್‌ನಲ್ಲಿ ಬರೆಯುವುದಿಲ್ಲ: ನೆಟ್ ಇಲ್ಲದಾಗ ಲಿನಕ್ಸ್ ಸಮಯ, ಮದರ್‌ಬೋರ್ಡಿನ ಸಮಯ ಎರಡರಲ್ಲಿ ಯಾವುದು ಸರಿ ಎಂದು ಅದಕ್ಕೆ ತಿಳಿಯದು. ನೆಟ್‌ನಿಂದ ಸಮಯ ಹೊಂದಿಕೆಯಾಗುತ್ತಿದ್ದರೆ ಕರ್ನೆಲ್ಲೇ (ಲಿನಕ್ಸ್‌ನ ತಿರುಳು) ಸುಮಾರು 11 ನಿಮಿಷಕ್ಕೊಮ್ಮೆ ಬರೆಯುತ್ತದೆ. ನೀವು ಕೈಯಾರೆ ಸಮಯ ಸರಿಪಡಿಸಿದ ಮೇಲೆ ‘ಸುಡೊ ಹೆಚ್‌ಡಬ್ಲ್ಯುಕ್ಲಾಕ್’ ಜೊತೆಗೆ ಎರಡು ಅಡ್ಡಗೆರೆ ಹಾಕಿ ‘ಸಿಸ್‌ಟುಹೆಚ್‌ಸಿ’ ಕೊಡಿ. ಗಡಿಯಾರದ ಸ್ಫಟಿಕ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೊಮ್ಮೆ ಸರಿಮಾಡಿದರೆ ಸಾಕು.

ಪ್ರಶ್ನೆ: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಗಣಕದಲ್ಲಿ ಕರೆಂಟ್ ಹೋಗಿ ಬಂದರೆ ಹಳೆಯ ಸಮಯ ಏಕೆ? (ಶಿರಸಿ)

ಉತ್ತರ: ಅದರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ‘ಫೇಕ್-ಹೆಚ್‌ಡಬ್ಲ್ಯುಕ್ಲಾಕ್’ ಫೈಲಿನಲ್ಲಿ ಕೊನೆಗೆ ಬರೆದಿಟ್ಟ ಸಮಯದಿಂದಲೇ ಮತ್ತೆ ಶುರು. ಡಿಎಸ್3231 ಗಡಿಯಾರ ಚಿಪ್ಪಿನ ಮಾಡ್ಯೂಲ್ ಹಾಕಿ: ಪಿನ್ 1ರಿಂದ 3.3 ವೋಲ್ಟ್, 3 ಎಸ್‌ಡಿಎ (ದತ್ತಾಂಶ ತಂತಿ), 5 ಎಸ್‌ಸಿಎಲ್ (ತಾಳದ ತಂತಿ), 6 ಗ್ರೌಂಡ್. ಕಾನ್ಫಿಗ್ ಫೈಲಿನಲ್ಲಿ ಈ ಚಿಪ್ಪಿನ ಐ2ಸಿ-ಆರ್‌ಟಿಸಿ ಓವರ್‌ಲೇ (ಚಿಪ್ಪನ್ನು ಪೈಗೆ ಪರಿಚಯಿಸುವ ಸಾಲು) ಸೇರಿಸಿ, ಫೇಕ್ ಪ್ಯಾಕೇಜ್ ತೆಗೆದುಹಾಕಿ. ಈ ಚಿಪ್ ಇರುವ ಅಗ್ಗದ ಝಡ್‌ಎಸ್-042 ಬೋರ್ಡುಗಳಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇರುತ್ತದೆ. ಅದಕ್ಕೆ 5 ವೋಲ್ಟ್ ಕೊಟ್ಟರೆ ರೀಚಾರ್ಜ್ ಆಗದ ಸಿಆರ್2032 ಬಿಲ್ಲೆ ಬ್ಯಾಟರಿ ಊದಿಕೊಳ್ಳಬಹುದು, ಪೈ ಪಿನ್ನುಗಳಿಗೂ ಅಪಾಯ.