ಲಾಕ್ ಮಾಡಿದ ಕೂಡಲೇ ಅನ್‌ಲಾಕ್ ಆಗುವ ಕಾರು: ಯೂನಿಟ್ ಬದಲಿಸುವ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಮ್ಮ ಕಾರು 2008ರದ್ದು. ಸೆಂಟ್ರಲ್ ಲಾಕ್ ಕಾರಿನ ಜೊತೆ ಬಂದದ್ದಲ್ಲ, ಆಮೇಲೆ ಹೊರಗೆ ಹಾಕಿಸಿದ್ದು. ಮಳೆ ಶುರುವಾದಾಗಿನಿಂದ ಲಾಕ್ ಮಾಡಿದ ಕೂಡಲೇ ಎಲ್ಲ ಬಾಗಿಲೂ ಟಕ್ ಅಂತ ಮತ್ತೆ ಅನ್‌ಲಾಕ್ ಆಗುತ್ತವೆ. ಎಡಗಡೆ ಹಿಂದಿನ ಬಾಗಿಲಂತೂ ಲಾಕ್ ಆಗುವುದೇ ಇಲ್ಲ, ಒಳಗೆ ಬರೀ ಸದ್ದು. ಕಂಟ್ರೋಲ್ ಯೂನಿಟ್ಟು, ನಾಲ್ಕೂ ಮೋಟಾರು ಬದಲಿಸಬೇಕು ಅಂತಾರೆ ಮೆಕ್ಯಾನಿಕ್. ಬದಲಿಸಲೇಬೇಕಾ ಸರ್?
– ಓದುಗರು, ಶಿರಸಿ

ಉತ್ತರ: ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಕಾರಿನಲ್ಲಿ ಬೇರೆ ಬೇರೆ ಎರಡು ತೊಂದರೆಗಳಿರುವ ಹಾಗೆ ಕಾಣುತ್ತದೆ. ಎರಡಕ್ಕೂ ಯೂನಿಟ್ (ಬಾಗಿಲಿನ ಮೋಟಾರುಗಳಿಗೆ ಆದೇಶ ಕೊಡುವ ಪೆಟ್ಟಿಗೆ) ಕಾರಣವಾಗಿರುವ ಸಾಧ್ಯತೆ ಕಡಿಮೆ.

ಮೊದಲು ಸೆಂಟ್ರಲ್ ಲಾಕ್‌ನ ಫ್ಯೂಸ್ ತೆಗೆದಿಡಿ. ಹೊರಗೆ ಹಾಕಿಸಿದ ಸೆಟ್‌ಗೆ ಸಾಮಾನ್ಯವಾಗಿ ವೈರಿನಲ್ಲೇ ಒಂದು ಫ್ಯೂಸ್ ಇರುತ್ತದೆ. ಅದನ್ನು ತೆಗೆದರೆ ಪ್ರತಿ ಬಾಗಿಲನ್ನೂ ಕೈಯಿಂದ ಲಾಕ್ ಮಾಡಬಹುದು. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಗಾಡಿಯಲ್ಲಿ ತಾನೇ ಬಿಚ್ಚಿಕೊಳ್ಳುವ ಲಾಕನ್ನು ಒಂದು ದಿನವೂ ಹಾಗೇ ಬಿಡಬಾರದು.

ಇನ್ನು ಕಾರಣಕ್ಕೆ ಬರೋಣ. ಇಂಥ ಸೆಟ್‌ಗಳಲ್ಲಿ ಡ್ರೈವರ್ ಬಾಗಿಲಿನ ಮೋಟಾರಿಗೆ 5 ವೈರ್, ಉಳಿದ ಬಾಗಿಲುಗಳದ್ದಕ್ಕೆ 2 ವೈರ್. ಡ್ರೈವರ್ ಬಾಗಿಲಿನ ಆ ಹೆಚ್ಚುವರಿ 3 ವೈರ್‌ಗಳು ಒಂದು ಪುಟ್ಟ ಸ್ವಿಚ್ಚಿನವು. ಲಾಕ್ ಬಿತ್ತೋ ಎದ್ದಿತೋ ಎಂದು ಯೂನಿಟ್ಟಿಗೆ ತಿಳಿಸುವುದು ಇವೇ. ಇವುಗಳಲ್ಲಿ ಅನ್‌ಲಾಕ್ ವೈರಿನ ಸಿಪ್ಪೆ ಸವೆದು ಕಾರಿನ ತಗಡಿಗೆ ತಾಗಿದರೆ, ಅಥವಾ ಸ್ವಿಚ್ಚಿನೊಳಗೆ ತೇವ ಹೋದರೆ, 'ತೆಗೆ' ಎಂಬ ಆದೇಶ ಬಂತೆಂದೇ ಯೂನಿಟ್ ತಿಳಿಯುತ್ತದೆ, ತೆಗೆಯುತ್ತದೆ. ಮಳೆ ಬಂದಾಗಿನಿಂದ ಹೀಗಾಗುತ್ತಿದೆ ಎಂದು ನೀವು ಬರೆದಿರುವುದು ಇದಕ್ಕೇ ಹೊಂದುತ್ತದೆ.

ಪರೀಕ್ಷೆ ಸುಲಭ. ಫ್ಯೂಸ್ ವಾಪಸ್ ಹಾಕಿ, ಡ್ರೈವರ್ ಬಾಗಿಲಿಗೆ ಹೋಗುವ ಆ 5 ವೈರಿನ ಪ್ಲಗ್ಗನ್ನು ಯೂನಿಟ್ ಹತ್ತಿರ ಕಳಚಿ ರಿಮೋಟ್‌ನಿಂದ ಲಾಕ್ ಒತ್ತಿ. ಉಳಿದ ಬಾಗಿಲುಗಳು ಲಾಕ್ ಆಗಿ ಹಾಗೇ ನಿಂತರೆ ಯೂನಿಟ್ ಸರಿಯಿದೆ ಎಂದರ್ಥ. ಆಗ ಡ್ರೈವರ್ ಬಾಗಿಲಿಗೂ ಅದನ್ನು ಕೂರಿಸಿರುವ ಪಿಲ್ಲರಿಗೂ (ಕಾರಿನ ಕಂಬ) ನಡುವೆ ಇರುವ ಕಪ್ಪು ರಬ್ಬರ್ ಬೂಟನ್ನು ಬಿಡಿಸಿ, ಒಳಗಿನ ವೈರ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ. ಒಳಗೆ ತಾಮ್ರ ತುಂಡಾಗಿದ್ದರೆ ಸಿಪ್ಪೆ ಮಾತ್ರ ಮೆತ್ತಗೆ ಹಿಗ್ಗುತ್ತದೆ. ಕಾರಿನಲ್ಲಿ ಅತಿ ಹೆಚ್ಚು ಸಲ ತೆಗೆದು ಹಾಕುವ ಬಾಗಿಲು ಇದು, ವರ್ಷಗಟ್ಟಲೆ ಮಡಚಿ ಮಡಚಿ ವೈರ್ ಅಲ್ಲೇ ಮುರಿಯುತ್ತದೆ. ಅದೇ ಜಾಗದಲ್ಲಿ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಹೊಸ ವೈರ್ ತುಂಡು ಸೇರಿಸಿ, ಜೋಡಣೆ ರಬ್ಬರಿನ ಆಚೆಗೆ ಬರುವ ಹಾಗೆ ಬೆಸುಗೆ ಹಾಕಿಸಿ. ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಇರಲಿ. ವೈರ್‌ಗಳೆಲ್ಲ ಸರಿಯಿದ್ದರೆ ಡ್ರೈವರ್ ಬಾಗಿಲಿನ ಮೋಟಾರ್ ಒಂದನ್ನೇ ಬದಲಿಸಿ, ಸ್ವಿಚ್ ಅದರೊಳಗೇ ಇರುತ್ತದೆ.

ಎಡಗಡೆ ಹಿಂದಿನ ಬಾಗಿಲಿನಲ್ಲಿ ಸದ್ದು ಬರುತ್ತಿದೆ ಅಂದರೆ ಮೋಟಾರಿಗೆ ಕರೆಂಟು ತಲುಪುತ್ತಿದೆ. ಡೋರ್ ಪ್ಯಾಡ್ (ಬಾಗಿಲಿನ ಒಳಗಡೆಯ ಹೊದಿಕೆ) ಬಿಚ್ಚಿಸಿ, ಮೋಟಾರಿನ ಕಡ್ಡಿಯನ್ನು ಲಾಕಿನ ಕಡ್ಡಿಗೆ ಜೋಡಿಸಿರುವ ಸ್ಕ್ರೂ ಸಡಿಲಿಸಿ, ಲಾಕಿನ ಕಡ್ಡಿಯನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿ. ಬಿಗಿಯಾಗಿದ್ದರೆ ತಪ್ಪು ಮೋಟಾರಿನದಲ್ಲ, ಲಾಕಿನೊಳಗಿನ ಗ್ರೀಸ್ ಧೂಳು ಸೇರಿ ಗಟ್ಟಿಯಾಗಿದೆ. ತೊಳೆದು, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ತುಕ್ಕು ಬಿಡಿಸುವ ಸ್ಪ್ರೇ ಒಂದನ್ನೇ ಹೊಡೆದು ಬಿಟ್ಟರೆ ಇದ್ದ ಗ್ರೀಸೂ ತೊಳೆದುಹೋಗುತ್ತದೆ. ಕಡ್ಡಿ ಸಲೀಸಾಗಿ ಆಡಿದರೆ ಟೆಸ್ಟ್ ಲ್ಯಾಂಪನ್ನು (ವೈರ್ ಕಟ್ಟಿದ ಬಲ್ಬ್) ಮೋಟಾರಿನ 2 ವೈರ್‌ಗಳಿಗೆ ಹಿಡಿದು, ಲಾಕ್ ಒತ್ತಿಸಿ ನೋಡಿ. ಮಲ್ಟಿಮೀಟರಿಗಿಂತ ಇಲ್ಲಿ 12 ವೋಲ್ಟಿನ ಬಲ್ಬೇ ವಾಸಿ. ಕರೆಂಟು ಬರುವುದು ಕ್ಷಣ ಮಾತ್ರ, ಮೀಟರಿನ ಅಂಕಿ ಅಷ್ಟರಲ್ಲಿ ನಿಲ್ಲುವುದಿಲ್ಲ. ಮೇಲಾಗಿ ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ತೋರಿಸುತ್ತದೆ, ಬಲ್ಬಾದರೆ ಮಂಕಾಗಿ ಉರಿದು ನಿಜ ಹೇಳುತ್ತದೆ. ಬಲ್ಬ್ ಪ್ರಕಾಶವಾಗಿ ಮಿನುಗಿದರೆ ಆ ಬಾಗಿಲಿನ ಮೋಟಾರ್ ಮಾತ್ರ ಹೊಸದು ಹಾಕಿಸಿ.

ಪ್ಯಾಡ್ ತೆಗೆದಾಗ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಲು ದಯವಿಟ್ಟು ಬಿಡಬೇಡಿ. ಗಾಜಿನ ಪಕ್ಕದಿಂದ ಇಳಿಯುವ ನೀರು ಕಾರಿನೊಳಗೆ ಬಾರದಂತೆ ತಡೆಯುವುದು ಅದೇ. ಬಾಗಿಲಿನ ತಳದ ತೂತುಗಳನ್ನೂ ತೆಳ್ಳನೆಯ ಕಡ್ಡಿಯಿಂದ ಚೊಕ್ಕ ಮಾಡಿ. ಕೆಸರು ಕಟ್ಟಿದರೆ ನೀರು ಒಳಗೇ ನಿಂತು ಮೋಟಾರಿಗೂ ತಗಡಿಗೂ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಬಾಗಿಲ ಪಕ್ಕದಲ್ಲೇ ನಿಂತು ಒತ್ತಿದರೆ ಮಾತ್ರ ರಿಮೋಟ್ ಕೆಲಸ ಮಾಡುತ್ತದೆ. ಯಾಕೆ?
– ಓದುಗರು, ಹಾಸನ

ಉತ್ತರ: ಹೆಚ್ಚಾಗಿ ರಿಮೋಟಿನ ಸೆಲ್ ಮುಗಿಯುತ್ತಾ ಬಂದಿದೆ. ಹಳೇ ಸೆಲ್ಲಿನ ಮೇಲಿನ ನಂಬರ್ ನೋಡಿ ಅದನ್ನೇ ತನ್ನಿ, ಅಂಗಡಿಯಲ್ಲಿ ಗಾತ್ರ ಹೋಲಿಸಿ ಕೊಡುವುದನ್ನು ಒಪ್ಪಬೇಡಿ. ಹೊಸ ಸೆಲ್ ಹಾಕಿದರೂ ಹಾಗೇ ಇದ್ದರೆ ಯೂನಿಟ್ಟಿನಿಂದ ಹೊರಟ ತೆಳ್ಳನೆಯ ಆಂಟೆನಾ ವೈರನ್ನು ಹುಡುಕಿಸಿ. ಸ್ಟೀರಿಯೋ ಹಾಕುವಾಗ ಅದನ್ನು ಕತ್ತರಿಸಿರಬಹುದು, ಇಲ್ಲವೇ ಸುತ್ತಿ ಮೂಲೆಗೆ ತುರುಕಿರಬಹುದು.