‘ಹೋದ್ಮೇಲೆ ನೋಡ್ಕಂಡ್ರಾಯ್ತು’

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ತುಮಕೂರಿನ ದಂಪತಿ. ಗಂಡ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹೆಂಡತಿ ಬ್ಯಾಂಕ್ ಕೆಲಸ ಬಿಟ್ಟು 5 ವರ್ಷದಿಂದ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಿದ್ದಾರೆ. ಮಗಳಿಗೆ 11, ಮಗನಿಗೆ 7. ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಸಲಹೆಗೆಂದು ನನ್ನ ಹತ್ತಿರ ಬರುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟು ಹದಿನೈದು ದಿನ. ಊಟಕ್ಕೆ ಕರೆಯುವುದಕ್ಕೂ ಮಗಳೇ ಬೇಕು.

“ಅಲ್ಲಿ ಹೋಂ ಸ್ಕೂಲಿಂಗ್ ನಡೆಯಲ್ಲ ಅಂತ ಇವರಿಗೆ ಮೊದಲೇ ಗೊತ್ತಿತ್ತು ಮೇಡಂ. ನನಗೆ ಹೇಳಲಿಲ್ಲ.”

“ಹೋದ್ಮೇಲೆ ನೋಡ್ಕಂಡ್ರಾಯ್ತು ಅಂತಿದ್ದೆ” ಎಂದು ಗಂಡ ನೆಲ ನೋಡಿದರು.

ಹೋದ ಮೇಲೆ ನೋಡಿಕೊಳ್ಳುವಂಥದ್ದು ಅಲ್ಲೇನಿಲ್ಲ ಎಂದೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅನ್ನುತ್ತದೆ. ಸೇರಿಸದವರಿಗೆ ದಂಡ ಇಟ್ಟಿಲ್ಲ. ಜರ್ಮನಿಯಲ್ಲಿ ನೆಲೆಸಿದ ಮಗು, ಯಾವ ದೇಶದ್ದಾದರೂ, ಶಾಲೆಗೆ ಹೋಗಲೇಬೇಕು. ತಪ್ಪಿಸಿದರೆ ದಂಡ, ಹಟ ಹಿಡಿದರೆ ಮಗುವಿನ ಸುಪರ್ದಿಯ ಪ್ರಶ್ನೆಯೇ ಏಳಬಹುದು. ಹಾಗೆ ಹಟ ಹಿಡಿದ ಅಲ್ಲಿನ ಕುಟುಂಬವೊಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2019ರಲ್ಲಿ ಸೋತಿತು. ಇಂಗ್ಲೆಂಡ್, ಐರ್ಲೆಂಡ್‌ನಲ್ಲಾದರೆ ಮನೆಯಲ್ಲಿ ಕಲಿಸಬಹುದು.

ಆಕೆ ಎಲ್ಲ ಕೇಳಿಸಿಕೊಂಡು ಚೀಲದಿಂದ ಮಗಳ ನೋಟ್‌ಬುಕ್ ತೆಗೆದರು. ಅಮಾನಿಕೆರೆಯ ಹಕ್ಕಿಗಳು. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುವ ಪೆನ್ಸಿಲ್ ಚಿತ್ರ, ಪಕ್ಕದಲ್ಲಿ ಸಮಯ, ಗಾಳಿಯ ದಿಕ್ಕು. ಮೂಲೆಯಲ್ಲಿ ಕಾಫಿ ಲೋಟದ ಉಂಗುರ.

“ಇದನ್ನ ಅಲ್ಲಿ ಎಷ್ಟನೇ ಕ್ಲಾಸು ಅಂತಾರೆ?”

ಇಪ್ಪತ್ತು ನಿಮಿಷ ಕಾನೂನು ಹೇಳಿದ್ದು ದಂಡವಾಯಿತಲ್ಲ ಅನ್ನಿಸಿತು.

ಮಗಳನ್ನು ಬೇರೆಯಾಗಿ ಮಾತಾಡಿಸಿದೆ. ಅಲ್ಲಿ ಕೆರೆ ಇದೆಯಾ ಅಂದಳು. ಆಮೇಲೆ ಮೆಲ್ಲಗೆ, “ನಾವು ಸ್ಕೂಲಿಗೆ ಹೋದ್ರೆ ಅಮ್ಮ ಏನ್ ಮಾಡ್ತಾಳೆ?” ಅವಳ ಒಪ್ಪಿಗೆ ಪಡೆದೇ ಈ ಮಾತನ್ನು ತಾಯಿಗೆ ತಲುಪಿಸಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು.

ಗಂಡನಿಗೆ ನೇರವಾಗಿಯೇ ಹೇಳಿದೆ: ಮುಚ್ಚಿಟ್ಟಿದ್ದು ತಪ್ಪು, ಒಳ್ಳೆಯದಕ್ಕೇ ಮಾಡಿದೆ ಅನ್ನಬೇಡಿ. ಸಹಿ ಹಾಕುವ ಮೊದಲು ಹೆಂಡತಿಯ ಜೊತೆ ಕೂತು ಆಫರ್ ಲೆಟರ್ ಓದಿ. ಶಾಲೆ ಕಡ್ಡಾಯವಿಲ್ಲದ ದೇಶದಲ್ಲಿ ಹುದ್ದೆ ಇದೆಯೇ, ಕುಟುಂಬ ತಡವಾಗಿ ಬರಬಹುದೇ ಎಂದು ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ. ಹೋಗುವುದೇ ಆದರೆ ಮಕ್ಕಳ ಜರ್ಮನ್ ಕಲಿಕೆ ಇವತ್ತೇ ಶುರುವಾಗಲಿ. ಭಾಷೆ ಬಾರದ ಮಕ್ಕಳನ್ನು ಅಲ್ಲಿ ಸಾಮಾನ್ಯವಾಗಿ ಮೊದಲು ಭಾಷೆಯ ತರಗತಿಗೆ ಹಾಕುತ್ತಾರೆ. ಗಂಟೆ, ಸಾಲು, ಬೆಂಚು ಏನೂ ಕಾಣದ ಮಗನ ಬಗ್ಗೆ ನನಗೆ ಹೆಚ್ಚು ಯೋಚನೆ. ಅವನನ್ನು ಈಗಲೇ ಬೇಸಿಗೆ ಶಿಬಿರಕ್ಕೋ ಸಂಗೀತದ ಕ್ಲಾಸಿಗೋ ಬಿಟ್ಟು ನೋಡಿ ಅಂದೆ. ಜರ್ಮನಿಯಲ್ಲಿ ಎಷ್ಟೋ ಪ್ರಾಥಮಿಕ ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಉಳಿದ ಹೊತ್ತು ಅಮ್ಮನದೇ. ವಾಪಸ್ ಬಂದರೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ (ಎನ್‌ಐಒಎಸ್) ಹತ್ತನೇ ತರಗತಿ ಕಟ್ಟಬಹುದು.

ಆಕೆಗೆ ಕೇಳಿದ್ದು ಒಂದೇ: ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ನಿಮಗೇನು ಬೇಕು, ಬರೆದುಕೊಂಡು ಬನ್ನಿ. ಎರಡು ಸಲ ಖಾಲಿ ಹಾಳೆ ತಂದರು.

ಮೊನ್ನೆ ಬಂದಾಗ ಕಂಪನಿಯ ಉತ್ತರ ಸಿಕ್ಕಿತ್ತು. ಬೇರೆ ದೇಶದಲ್ಲಿ ಹುದ್ದೆ ಇಲ್ಲ. ಕುಟುಂಬ 6 ತಿಂಗಳು ತಡವಾಗಿ ಬಂದರೆ ಅಡ್ಡಿಯಿಲ್ಲ. ಹೋಗುವುದೋ ಬಿಡುವುದೋ ತೀರ್ಮಾನವಾಗಿಲ್ಲ, ಜಗಳವೂ ನಿಂತಿಲ್ಲ. ಊಟಕ್ಕೆ ಮಾತ್ರ ಈಗ ತಾವೇ ಕರೆದುಕೊಳ್ಳುತ್ತಾರಂತೆ.